ವೆಟ್ ಬಲ್ಬ್ ತಾಪಮಾನ: ಗಡಿಗೆಯ ನೀರು ಎಲ್ಲಿಯವರೆಗೆ ತಣ್ಣಗಾಗುತ್ತದೆ?

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ 41 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೂ ಗಾಳಿಯಾಡುವ ನೆರಳಲ್ಲಿಟ್ಟ ಮಣ್ಣಿನ ಗಡಿಗೆಯ ನೀರು 26ರ ಆಸುಪಾಸಿಗೆ ಇಳಿದಿರುತ್ತದೆ. ಮಳೆ ಹಿಡಿದ ದಿನ ಗಾಳಿಯೇ 31ಕ್ಕೆ ಇಳಿದಿರುತ್ತದೆ, ಆದರೆ ಅದೇ ಗಡಿಗೆಯ ನೀರು 28ಕ್ಕಿಂತ ಕೆಳಗೆ ಹೋಗುವುದಿಲ್ಲ. ಹೊರಗೆ ಸುಡುವಾಗ ನೀರು ಹೆಚ್ಚು ತಂಪು, ಹೊರಗೆ ತಂಪಾದಾಗ ನೀರು ಅಷ್ಟಕ್ಕಷ್ಟೇ. ಈ ತಿರುಗುಮುರುಗು ಯಾಕೆಂದು ಹೇಳುವ ಅಳತೆಯೇ ವೆಟ್ ಬಲ್ಬ್ ತಾಪಮಾನ. ಪಠ್ಯಪುಸ್ತಕದ ಕನ್ನಡದಲ್ಲಿ ಆರ್ದ್ರ ಬಲ್ಬ್ ತಾಪಮಾನ ಎಂದೂ ಕಾಣಬಹುದು. ಬಲ್ಬ್ ಎಂದರೆ ಇಲ್ಲಿ ಕರೆಂಟಿನ ದೀಪವಲ್ಲ, ಥರ್ಮಾಮೀಟರಿನ ತುದಿಯಲ್ಲಿರುವ ಗುಂಡು.

ಆ ಗುಂಡಿಗೆ ತೆಳುವಾದ ಒದ್ದೆ ಬಟ್ಟೆ ಸುತ್ತಿ, ಚೆನ್ನಾಗಿ ಗಾಳಿ ಬೀಸಿದರೆ ಅಂಕಿ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ನಿಂತ ಅಂಕಿಯೇ ಆ ಹೊತ್ತಿನ ವೆಟ್ ಬಲ್ಬ್ ತಾಪಮಾನ. ಬಟ್ಟೆ ಸುತ್ತದ ಥರ್ಮಾಮೀಟರ್ ತೋರಿಸುವುದು ಡ್ರೈ ಬಲ್ಬ್ ತಾಪಮಾನ. ಸುದ್ದಿಯಲ್ಲಿ "ಇಂದು 42 ಡಿಗ್ರಿ" ಎನ್ನುವುದು ಈ ಎರಡನೆಯದನ್ನು.

ಇಳಿಯುವುದು ಯಾಕೆ ಎಂಬುದು ಬಹಳ ಮಕ್ಕಳಿಗೆ ಗೊತ್ತು: ನೀರು ಆವಿಯಾಗಲು ಶಾಖ ಬೇಕು, ಅದನ್ನು ಬಟ್ಟೆಯಿಂದಲೇ, ಗುಂಡಿನಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಗ್ರಾಂ ನೀರು ಸೆಕೆಯ ದಿನ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದೇ ಕ್ಯಾಲರಿ ಸಾಕು. ಹಾಗಾಗಿ 10 ಲೀಟರ್ ಗಡಿಗೆಯ ನೀರನ್ನು 10 ಡಿಗ್ರಿ ತಣ್ಣಗೆ ಮಾಡಲು ಅದರ ಮೈಯಿಂದ 175 ಮಿಲಿಲೀಟರಿನಷ್ಟು, ಅಂದರೆ ಒಂದು ಲೋಟಕ್ಕೂ ಕಡಿಮೆ ನೀರು ಆರಿದರೆ ಲೆಕ್ಕ ಸರಿಹೋಗುತ್ತದೆ. ನಿಜವಾಗಿ ಇನ್ನೂ ಹೆಚ್ಚು ಆರುತ್ತದೆ, ಯಾಕೆಂದರೆ ಸುತ್ತಲಿನ ಬಿಸಿಗಾಳಿ ಬಿಡದೆ ಶಾಖ ತುಂಬುತ್ತಿರುತ್ತದೆ.

ಸ್ವಾರಸ್ಯ ಇರುವುದು ಇಳಿಯುವುದರಲ್ಲಲ್ಲ, ನಿಲ್ಲುವುದರಲ್ಲಿ. ಬಟ್ಟೆ ತಣ್ಣಗಾದಷ್ಟೂ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ತಣ್ಣನೆಯ ನೀರು ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ಹೊರಗೆ ಹೋಗುವ ಶಾಖ ಕಡಿಮೆಯಾಗುತ್ತದೆ. ಬಟ್ಟೆಗೂ ಗಾಳಿಗೂ ತಾಪದ ಅಂತರ ಬೆಳೆಯುತ್ತದೆ, ಹಾಗಾಗಿ ಗಾಳಿಯಿಂದ ಒಳಗೆ ಬರುವ ಶಾಖ ಹೆಚ್ಚಾಗುತ್ತದೆ. ತಳದಲ್ಲಿ ತೂತಿರುವ ಕೊಡವನ್ನು ನಳದ ಕೆಳಗಿಟ್ಟರೆ, ಬರುವ ನೀರೂ ಸೋರುವ ನೀರೂ ಸಮವಾದಲ್ಲಿ ಮಟ್ಟ ನಿಲ್ಲುತ್ತದಲ್ಲ, ಹಾಗೆ. ಗಾಳಿಯಲ್ಲಿ ಮೊದಲೇ ಆವಿ ತುಂಬಿದ್ದರೆ ಬಟ್ಟೆಯ ನೀರು ಆರುವುದೇ ನಿಧಾನ, ಆಗ ಅಂಕಿ ಮೇಲೆಯೇ ನಿಂತುಬಿಡುತ್ತದೆ. ಗಾಳಿ ಒಣಗಿದ್ದರೆ ಬಹಳ ಕೆಳಗೆ ಹೋಗಿ ನಿಲ್ಲುತ್ತದೆ. ಗಡಿಗೆಯಾಗಲಿ, ಕೂಲರಾಗಲಿ, ಬೆವರಾಗಲಿ, ನೀರು ಆರಿಸಿ ತಂಪು ಮಾಡುವ ಯಾವುದೂ ಈ ಅಂಕಿಯನ್ನು ದಾಟಿ ಕೆಳಗೆ ಹೋಗಲಾರದು.

ಮನೆಯಲ್ಲಿ ಅಳೆಯುವುದು ಹೀಗೆ. ಶಾಲೆಯ ಪ್ರಯೋಗಾಲಯದಲ್ಲಿರುವ, ಕೆಂಪು ದ್ರವದ, ಮೈನಸ್ 10ರಿಂದ 110 ಡಿಗ್ರಿವರೆಗೆ ಗುರುತಿರುವ ಎರಡು ಥರ್ಮಾಮೀಟರ್ ಬೇಕು. ಜ್ವರ ನೋಡುವ ಥರ್ಮಾಮೀಟರ್ ಬೇಡ. ಅದು ಸುಮಾರು 35ರಿಂದ 42 ಡಿಗ್ರಿಯೊಳಗೆ ಮಾತ್ರ ಓದುತ್ತದೆ, ನಮಗೆ ಬೇಕಾದ ಅಂಕಿ ಅದಕ್ಕಿಂತ ಕೆಳಗಿರುತ್ತದೆ. ಹಳೆಯ ಪಾದರಸದ್ದಾದರೆ ಒಡೆದಾಗ ಅಪಾಯ ಬೇರೆ.

ಮೊದಲು ಎರಡನ್ನೂ ಒಂದೇ ಲೋಟದ ನೀರಿನಲ್ಲಿ ಐದು ನಿಮಿಷ ಇಟ್ಟು ನೋಡಿ. ಒಂದು 30, ಇನ್ನೊಂದು 31 ತೋರಿಸಿದರೆ ಬಿಸಾಡಬೇಕಿಲ್ಲ. ಆ ಒಂದು ಡಿಗ್ರಿಯನ್ನು ಬರೆದಿಟ್ಟುಕೊಂಡು ಮುಂದಿನ ಎಲ್ಲ ಲೆಕ್ಕದಲ್ಲಿ ಹೆಚ್ಚು ತೋರಿಸಿದ್ದರ ಅಂಕಿಯಿಂದ ಕಳೆಯಿರಿ. ಈ ಹೆಜ್ಜೆ ಬಿಟ್ಟವರ ಲೆಕ್ಕ ಮಳೆಗಾಲದಲ್ಲಿ ಕೆಡುವುದು ಖಂಡಿತ, ಯಾಕೆಂದರೆ ಆಗ ಡ್ರೈ ಬಲ್ಬ್, ವೆಟ್ ಬಲ್ಬ್ ಅಂಕಿಗಳ ನಡುವಿನ ಅಂತರವೇ ಎರಡು ಮೂರು ಡಿಗ್ರಿ.

ಬಟ್ಟೆಗೆ ಹಳೆಯ ಬಿಳಿ ಪಂಚೆಯ ತುಂಡು ಉತ್ತಮ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಹೊಸದೇ ಸಿಕ್ಕರೆ ಸೋಪಿನ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ನೊರೆ ಹೋಗುವವರೆಗೆ ಜಾಲಿಸಿ. ಕುದಿಸುವ ಕೆಲಸ ಅಮ್ಮನದೋ ಅಪ್ಪನದೋ ಆಗಲಿ. ನಾಲ್ಕು ಸೆಂಟಿಮೀಟರ್ ಉದ್ದದ ತುಂಡನ್ನು ಗುಂಡೂ ಅದರ ಮೇಲಿನ ಎರಡು ಸೆಂಟಿಮೀಟರ್ ಕಡ್ಡಿಯೂ ಮುಚ್ಚುವಂತೆ ಒಂದೇ ಸುತ್ತು ಸುತ್ತಿ ದಾರ ಕಟ್ಟಿ. ಕಡ್ಡಿಯನ್ನೂ ಮುಚ್ಚುವುದಕ್ಕೆ ಕಾರಣವಿದೆ: ಬರಿಯ ಗಾಜು ಮೇಲಿನಿಂದ ಶಾಖವನ್ನು ಗುಂಡಿಗೆ ಇಳಿಸುತ್ತದೆ.

ಎರಡು ಥರ್ಮಾಮೀಟರನ್ನೂ ನೆರಳಲ್ಲಿ, ಒಂದರಿಂದೊಂದು ಒಂದು ಗೇಣು ದೂರದಲ್ಲಿ ತೂಗುಹಾಕಿ. ಸುತ್ತಿದ ಬಟ್ಟೆಯನ್ನು ಸಾಧಾರಣ ನೀರಿನಲ್ಲಿ ನೆನೆಸಿ ಟೇಬಲ್ ಫ್ಯಾನ್ ಹಚ್ಚಿ, ಇಲ್ಲವೇ ಬೀಸಣಿಗೆಯಿಂದ ಜೋರಾಗಿ ಬೀಸಿ. ಮೊದಲ ನಿಮಿಷ ಅಂಕಿ ಭರಭರನೆ ಇಳಿಯುತ್ತದೆ, ಎರಡು ಮೂರು ನಿಮಿಷಕ್ಕೆ ನಿಲ್ಲುತ್ತದೆ. ನಿಂತ ಕೂಡಲೇ ಬರೆದುಕೊಳ್ಳಿ. ನಮ್ಮ ಬೇಸಿಗೆಯ ಗಾಳಿಗೆ ಒಂದು ಸುತ್ತಿನ ಬಟ್ಟೆ ಬೇಗ ಒಣಗುತ್ತದೆ, ಒಣಗಿತೆಂದರೆ ಅಂಕಿ ಮತ್ತೆ ಏರುತ್ತದೆ. ಈ ನಡುವೆ ಬಟ್ಟೆಯಿಲ್ಲದ ಥರ್ಮಾಮೀಟರನ್ನೂ ಗಮನಿಸಿ: ಫ್ಯಾನ್ ಎಷ್ಟು ಬೀಸಿದರೂ ಅದರ ಅಂಕಿ ಕದಲುವುದಿಲ್ಲ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ ಎನ್ನಲು ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಕೆಡುವುದು ಎಲ್ಲೆಲ್ಲಿ? ಬಟ್ಟೆ ದಪ್ಪವಾದರೆ ಅಂಕಿ ಪೂರ್ತಿ ಇಳಿಯುವಷ್ಟರಲ್ಲಿ ಬೀಸುವವರ ತಾಳ್ಮೆ ಮುಗಿದಿರುತ್ತದೆ. ಗಾಳಿ ಸಾಲದಿದ್ದರೆ ಬಟ್ಟೆಯ ಸುತ್ತ ತನ್ನದೇ ಆವಿಯ ಪದರ ಕಟ್ಟಿಕೊಂಡು ಆರುವುದು ನಿಧಾನವಾಗುತ್ತದೆ. ಬಿಸಿಲು ತಾಗಿದರೆ, ಕೈ ತಾಗಿದರೆ, ಓದುವವರ ಉಸಿರು ತಾಗಿದರೆ ಅಂಕಿ ಏರುತ್ತದೆ. ಬೋರಿನ ಸವಳು ನೀರು ಇನ್ನೊಂದು ತೊಂದರೆ. ನಾಲ್ಕೈದು ಸಲ ಒಣಗಿದ ಬಟ್ಟೆಯ ಮೇಲೆ ಉಪ್ಪಿನ ಬಿಳಿ ಪೊರೆ ಕೂರುತ್ತದೆ, ಉಪ್ಪು ಹಿಡಿದ ನೀರು ಸುಲಭಕ್ಕೆ ಆವಿಯಾಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಬಳಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೂ ಸರಿ (ಹೊಸ ಬಾಟಲಿಯ ಬರಿಯ ನೀರು ಮಾತ್ರ, ಬ್ಯಾಟರಿಯೊಳಗಿನ ಆಸಿಡ್ ಮುಟ್ಟಲೇಬೇಡಿ). ಇಷ್ಟೂ ತಪ್ಪುಗಳು ಅಂಕಿಯನ್ನು ಮೇಲಕ್ಕೇ ಎಳೆಯುತ್ತವೆ ಎಂಬುದನ್ನು ಗಮನಿಸಿ. ಹಾಗಾಗಿ ಇಬ್ಬರು ಅಳೆದು ಬೇರೆ ಬೇರೆ ಉತ್ತರ ಬಂದರೆ, ಕಡಿಮೆ ಬಂದವರದು ಸರಿಯಿರುವ ಸಂಭವ ಹೆಚ್ಚು. ಒಂದೇ ಅಪವಾದ ಫ್ರಿಜ್ಜಿನ ನೀರಿನಲ್ಲಿ ನೆನೆಸಿದವರದು. ಅವರು ಅವಸರದಲ್ಲಿ ಓದಿದರೆ ಸುಳ್ಳೇ ಕಡಿಮೆ ಬರುತ್ತದೆ, ಕಾದರೆ ಅವರ ಅಂಕಿಯೂ ಏರಿ ಅಲ್ಲಿಗೇ ಬಂದು ನಿಲ್ಲುತ್ತದೆ. ಬಿಸಿನೀರಿನಲ್ಲಿ ನೆನೆಸಿ ಮಾಡಿ ನೋಡಿ, ಅದೂ ಇಳಿದು ಅಲ್ಲಿಗೇ ಬರುತ್ತದೆ. ಶುರು ಎಲ್ಲಿಂದಾದರೂ ಕೊನೆ ಒಂದೇ.

ಈಗ ಎರಡು ಅಂಕಿಗಳ ಅಂತರದಿಂದ ಗಾಳಿಯ ತೇವಾಂಶ ಹೇಳಬಹುದು. ಸಮುದ್ರಮಟ್ಟದಿಂದ 400–500 ಮೀಟರ್ ಎತ್ತರದ ರಾಯಚೂರು, ಬಳ್ಳಾರಿಯ ನಮ್ಮ ಭಾಗಕ್ಕೆ ಸುಮಾರು ಲೆಕ್ಕ ಹೀಗಿದೆ. ಗಾಳಿ 40 ಡಿಗ್ರಿ ಇದ್ದು ಅಂತರ 5 ಬಂದರೆ ತೇವಾಂಶ ಶೇ 72, ಅಂತರ 10 ಆದರೆ ಶೇ 49, 15 ಆದರೆ ಶೇ 30, 18 ಆದರೆ ಶೇ 20. ಗಾಳಿ 30 ಡಿಗ್ರಿ ಇದ್ದಾಗ ಅಂತರ 2 ಆದರೆ ಶೇ 86, 5 ಆದರೆ ಶೇ 67, 10 ಆದರೆ ಶೇ 40. ಅಂತರ ಸೊನ್ನೆಯಾದರೆ ಶೇ 100. ದಟ್ಟ ಮಂಜಿನ ಬೆಳಗ್ಗೆ ನೋಡಿ, ಎರಡೂ ಒಂದೇ ಓದುತ್ತವೆ. ಅಂತರ ಒಂದೇ 10 ಆದರೂ 40 ಡಿಗ್ರಿಯಲ್ಲಿ ಶೇ 49, 30 ಡಿಗ್ರಿಯಲ್ಲಿ ಶೇ 40 ಬಂದದ್ದು ಕಂಡಿತೇ? ಅದಕ್ಕೇ ಅಂತರವೊಂದನ್ನೇ ಬರೆದುಕೊಂಡರೆ ಸಾಲದು, ಗಾಳಿಯ ತಾಪವನ್ನೂ ಬರೆಯಬೇಕು.

ಇಂಥ ಜೋಡಿ ಥರ್ಮಾಮೀಟರನ್ನು ಉಪಕರಣವಾಗಿ ರೂಪಿಸಿದವನು ಜರ್ಮನಿಯ ಅರ್ನ್ಸ್ಟ್ ಫರ್ಡಿನಾಂಡ್ ಆಗಸ್ಟ್, 1825ರಲ್ಲಿ. ಸೈಕ್ರೋಮೀಟರ್ ಎಂಬ ಹೆಸರೂ ಅವನದೇ. ಹವಾಮಾನ ವೀಕ್ಷಣಾಲಯಗಳಲ್ಲಿ ಜಾಲಂಧ್ರದ ಗೋಡೆಯ ಬಿಳಿ ಪೆಟ್ಟಿಗೆ ಕಂಬದ ಮೇಲೆ ನಿಂತಿರುತ್ತದಲ್ಲ, ಸ್ಟೀವನ್ಸನ್ ಪೆಟ್ಟಿಗೆ, ಅದರೊಳಗೆ ಇಂದಿಗೂ ಬಟ್ಟೆ ಸುತ್ತಿದ ಥರ್ಮಾಮೀಟರ್ ಇರುತ್ತದೆ. ಬಿಳಿ ಬಣ್ಣ ಬಿಸಿಲನ್ನು ತಳ್ಳಲು, ಸಂದುಗಳು ಗಾಳಿಯಾಡಲು.

ಕೈಗೆ ಥರ್ಮಾಮೀಟರ್ ಬಂದ ಮೇಲೆ ಮಾಡಲೇಬೇಕಾದ ಆಟ ಒಂದಿದೆ. ಮೇ ತಿಂಗಳಲ್ಲಿ ಕೂಲರಿನ ಹಿಂದೆ, ಗಾಳಿ ಒಳಗೆ ಹೋಗುವ ಕಡೆ, ಎರಡೂ ಅಂಕಿ ಬರೆದುಕೊಳ್ಳಿ. ಆಮೇಲೆ ಮುಂದೆ, ಗಾಳಿ ಹೊರಬರುವ ಕಡೆ ಅಳೆಯಿರಿ. ಡ್ರೈ ಬಲ್ಬ್ 40ರಿಂದ 26–27ಕ್ಕೆ ಬಿದ್ದಿರುತ್ತದೆ. ವೆಟ್ ಬಲ್ಬ್ ಮಾತ್ರ ಹಿಂದೆ 22 ಇದ್ದರೆ ಮುಂದೆಯೂ 22ರ ಹತ್ತಿರವೇ! ಕೂಲರ್ ಗಾಳಿಯ ಶಾಖವನ್ನು ತೆಗೆದು ಆವಿಯ ರೂಪದಲ್ಲಿ ಅದೇ ಗಾಳಿಗೆ ಸೇರಿಸುತ್ತದೆ, ಹೊರಗೆಲ್ಲೂ ಒಯ್ಯುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಚ್ಚಿದರೆ ಕೋಣೆ ಜಿಗುಟಾಗುವುದು ಇದರಿಂದಲೇ. ಒಳಗಿನ ಒದ್ದೆ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಅಂತರ ಕುಗ್ಗುತ್ತದೆ, ತಂಪೂ ಕುಗ್ಗುತ್ತದೆ. ಕೂಲರಿನ ಹಿಂಭಾಗ ಹೊರಗಿನ ಗಾಳಿಗೆ ತೆರೆದಿರಬೇಕು, ಎದುರಿನ ಕಿಟಕಿ ಒಂದಿಷ್ಟು ತೆಗೆದಿರಬೇಕು. ಒಳ್ಳೆಯ ಪ್ಯಾಡ್ ಇರುವ ಕೂಲರ್ ಎರಡು ಅಂಕಿಗಳ ಅಂತರದ ಮುಕ್ಕಾಲು ಭಾಗದಷ್ಟು ಇಳಿಸುತ್ತದೆ: 18ರ ಅಂತರವಿದ್ದಾಗ 13 ಡಿಗ್ರಿ, ಮಳೆಗಾಲದಲ್ಲಿ 4ರ ಅಂತರವಿದ್ದಾಗ 3 ಡಿಗ್ರಿ. ಆಗ ಕೂಲರ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆದು ಲಾಭವಿಲ್ಲ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಮಕ್ಕಳಿಗೆ ಇನ್ನೊಂದು ಸೌಕರ್ಯವಿದೆ. ಕಾಲುವೆ ನೀರು ನಿಂತ ಭತ್ತದ ಗದ್ದೆಯ ಬದುವಿನಲ್ಲಿ ಒಬ್ಬರು, ಒಣಗಿ ಬಿರುಕುಬಿಟ್ಟ ಎರೆ ಹೊಲದಲ್ಲಿ ಒಬ್ಬರು, ಒಂದೇ ಹೊತ್ತಿಗೆ ಕೊಡೆಯ ನೆರಳು ಹಿಡಿದು ಅಳೆಯಿರಿ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಗದ್ದೆಯ ಬದುವಿನಲ್ಲಿ ಎರಡು ಅಂಕಿಗಳ ಅಂತರ ಕಡಿಮೆ ಬರಬೇಕು. ಗಾಳಿ ಜೋರಾಗಿದ್ದ ದಿನ ವ್ಯತ್ಯಾಸ ಸರಿಯಾಗಿ ಕಾಣದು, ಗದ್ದೆಯ ಆವಿಯನ್ನು ಗಾಳಿ ಹೊತ್ತೊಯ್ದಿರುತ್ತದೆ.

ಗಡಿಗೆಯ ವಿಷಯಕ್ಕೆ ಬಂದರೆ, ಅದು ವೆಟ್ ಬಲ್ಬ್ ಅಂಕಿಗೆ ಎಷ್ಟು ಹತ್ತಿರ ಹೋಗುತ್ತದೆ ಎಂಬುದು ನಾವು ಇಡುವ ಕ್ರಮದ ಮೇಲಿದೆ. ಮೈಗೆ ಆಯಿಲ್ ಪೇಂಟ್ ಬಳಿದ ಚೆಂದದ ಗಡಿಗೆ ಶೋಕಿಗೆ ಸರಿ, ಅದರ ರಂಧ್ರಗಳೆಲ್ಲ ಮುಚ್ಚಿರುತ್ತವೆ. ಸವಳು ನೀರು ತುಂಬಿ ತುಂಬಿ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿದ್ದರೂ ಅದೇ ಗತಿ. ತೆಂಗಿನ ನಾರಿನಿಂದ ತಿಕ್ಕಬೇಕು, ಸೋಪು ಹಚ್ಚಬಾರದು, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಮೂಲೆಯಲ್ಲಿ ಗೋಡೆಗೆ ಒತ್ತಿ ಇಡುವ ಬದಲು ಕಿಟಕಿಯ ಗಾಳಿಗೆ, ಒದ್ದೆ ಉಸುಕಿನ ಮೇಲೆ ಇಟ್ಟರೆ ಒಂದೆರಡು ಡಿಗ್ರಿ ಹೆಚ್ಚು ಇಳಿಯುತ್ತದೆ. ಪ್ಲಾಸ್ಟಿಕ್ ಕೊಡದಲ್ಲೂ ಅಷ್ಟೇ ನೀರು ತುಂಬಿ ಪಕ್ಕಕ್ಕಿಟ್ಟು, ಸಂಜೆ ಎರಡರಲ್ಲೂ ಥರ್ಮಾಮೀಟರ್ ಅದ್ದಿ ನೋಡಿ.

ನಮ್ಮ ಮೈಯೂ ಈ ಲೆಕ್ಕದೊಳಗೇ ಇದೆ. ಚರ್ಮದ ತಾಪ ಸೆಕೆಯಲ್ಲಿ 35ರ ಸುಮಾರು. ವೆಟ್ ಬಲ್ಬ್ ತಾಪಮಾನವೇ 35 ಮುಟ್ಟಿದರೆ ಬೆವರು ಆರಿ ಶಾಖ ಹೊರಹಾಕುವ ದಾರಿ ಮುಚ್ಚುತ್ತದೆ, ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟು ಮನುಷ್ಯನಿಗೂ ಕೆಲವು ಗಂಟೆಗಳಲ್ಲಿ ಪ್ರಾಣಾಪಾಯ. ಈ 35ರ ಮಿತಿಯನ್ನು ಹವಾಮಾನ ವಿಜ್ಞಾನಿಗಳಾದ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ಲೆಕ್ಕ ಹಾಕಿ ಮುಂದಿಟ್ಟರು. ಆಮೇಲೆ ಆರೋಗ್ಯವಂತ ಯುವಕ ಯುವತಿಯರ ಮೇಲೆ ನಡೆದ ಪ್ರಯೋಗಗಳಲ್ಲಿ, ತೇವದ ಗಾಳಿಯಲ್ಲಿ 31ರ ಹತ್ತಿರವೇ ಮೈಯ ತಾಪ ಹತೋಟಿ ತಪ್ಪತೊಡಗುವುದು ಕಂಡಿತು. ಬಳ್ಳಾರಿಯ 41 ಡಿಗ್ರಿ ತಾಳಿಕೊಂಡವರು ಮಂಗಳೂರಿನ 33 ಡಿಗ್ರಿಗೆ ಸುಸ್ತಾಗುವುದು ಸೋಗಲ್ಲ: ಬಳ್ಳಾರಿಯಲ್ಲಿ ಆ ಹೊತ್ತಿಗೆ ವೆಟ್ ಬಲ್ಬ್ 23ರ ಸುಮಾರು ಇದ್ದರೆ ಕಡಲತೀರದಲ್ಲಿ 28ರ ಸುಮಾರು ಇರುತ್ತದೆ.

ಹಾಗೆಂದು ಒಣ ಸೆಕೆ ನಿರುಪದ್ರವಿಯಲ್ಲ. ನಮ್ಮಲ್ಲಿ ಬೆವರು ಕಾಣಿಸುವ ಮೊದಲೇ ಆರಿಹೋಗುತ್ತದೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಎಷ್ಟು ಹೋಯಿತೆಂಬ ಸುಳಿವು. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನನ್ನು ನಂಬಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಚರ್ಮಕ್ಕಿಂತ ಬಿಸಿಯಾದ ಗಾಳಿಯನ್ನು ಅದು ಮೈಮೇಲೆ ತಂದು ಸುರಿಯುತ್ತದೆ. ಆಗ ಒದ್ದೆ ಟವಲನ್ನು ಕುತ್ತಿಗೆಗೂ ತೋಳಿಗೂ ಹಾಕಿಕೊಂಡು, ಒಣಗುವ ಮೊದಲೇ ಮತ್ತೆ ಮತ್ತೆ ನೆನೆಸಿಕೊಳ್ಳಬೇಕು.