4ಎಬಿ ಅಂದರೇನು? ಲ್ಯಾಬಿನಲ್ಲಿ ಭ್ರೂಣದ ಮೊದಲ ಐದು ದಿನ

ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಬಿತ್ತೆಂದರೆ ಅಡಿಕೆಯ ಬೆಲೆ ತೀರ್ಮಾನವಾದಂತೆ. ಐವಿಎಫ್ (ಲ್ಯಾಬಿನಲ್ಲಿ ಅಂಡಾಣುವನ್ನು ಫಲಿತಗೊಳಿಸುವ ಚಿಕಿತ್ಸೆ) ಮಾಡಿಸಿಕೊಂಡ ದಂಪತಿ ಆಸ್ಪತ್ರೆಯ ಹಾಳೆಯಲ್ಲಿ ‘4ಎಬಿ’, ‘3ಬಿಬಿ’ ಎಂದು ಕಂಡಾಗ ಅದನ್ನೂ ಹಾಗೇ ಓದಿಕೊಳ್ಳುತ್ತಾರೆ. ‘ಎ’ ಅಂದರೆ ಒಳ್ಳೆಯ ಮಗು, ‘ಬಿ’ ಅಂದರೆ ಎರಡನೇ ದರ್ಜೆಯದು ಎಂದು. ಸಾಗರಕ್ಕೋ ತೀರ್ಥಹಳ್ಳಿಗೋ ವಾಪಸ್ ಹೋಗುವ ಬಸ್ಸಿನಲ್ಲಿ ಆ ಎರಡಕ್ಷರ ತಲೆ ಕೊರೆಯುತ್ತಲೇ ಇರುತ್ತದೆ. ಹುಟ್ಟುವ ಮಗುವಿನ ಆರೋಗ್ಯವನ್ನೋ ಬುದ್ಧಿಯನ್ನೋ ಆ ಅಕ್ಷರಗಳು ಹೇಳುವುದಿಲ್ಲ. ಈ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಸಾಧ್ಯತೆ ಎಷ್ಟಿದೆ ಎಂಬುದರ ಅಂದಾಜು ಅದು. ಅದೂ ಸೂಕ್ಷ್ಮದರ್ಶಕದಡಿ ಆ ಹೊತ್ತಿಗೆ ಕಂಡ ರೂಪದಿಂದ ಮಾಡಿದ್ದು.

ಮೊಟ್ಟೆ, ಅಂದರೆ ಅಂಡಾಣು, ತೆಗೆದ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ಅಂಡಾಣುವಿನ ಅಗಲ ಸುಮಾರು 0.1 ಮಿ.ಮೀ. ಸಿಕ್ಕಿದ್ದೆಲ್ಲ ಬಲಿತಿರುವುದಿಲ್ಲ. ಧ್ರುವಕಾಯ ಎಂಬ ಪುಟ್ಟ ಉಂಡೆಯನ್ನು ಪಕ್ಕಕ್ಕೆ ಹೊರಹಾಕಿದ್ದರೆ ಮಾತ್ರ ಅದು ಬಲಿತ ಅಂಡಾಣು. ಅದನ್ನು ವೀರ್ಯಾಣುಗಳ ಜೊತೆ ಬಿಡುತ್ತಾರೆ, ಇಲ್ಲವೇ ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಒಳಗಿಡುತ್ತಾರೆ.

ಇದಾಗಿ 16ರಿಂದ 18 ಗಂಟೆ ಕಳೆದ ಮೇಲೆ ನೋಡಿದರೆ ಅಂಡಾಣುವಿನ ನಡುವೆ ಎರಡು ದುಂಡು ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡು ಕಾಣಬೇಕು. ಒಂದರಲ್ಲಿ ತಾಯಿಯ ವರ್ಣತಂತುಗಳು, ಇನ್ನೊಂದರಲ್ಲಿ ತಂದೆಯವು. ಕೆಲವೇ ಗಂಟೆಯಲ್ಲಿ ಈ ಗುಳ್ಳೆಗಳು ಕರಗಿಹೋಗುತ್ತವೆ, ಹಾಗಾಗಿ ಲ್ಯಾಬಿನವರು ಈ ಹೊತ್ತನ್ನು ತಪ್ಪಿಸುವಂತಿಲ್ಲ. ಮೂರು ಗುಳ್ಳೆ ಕಂಡರೆ ಎರಡು ವೀರ್ಯಾಣು ಹೊಕ್ಕಿರಬಹುದು, ಇಲ್ಲವೇ ಎರಡನೇ ಧ್ರುವಕಾಯ ಹೊರಬೀಳದೆ ಉಳಿದಿರಬಹುದು. ಅಂಥ ಭ್ರೂಣವೂ ಮುಂದೆ ಚೆಂದವಾಗಿಯೇ ಒಡೆದು ಬೆಳೆಯಬಲ್ಲದು, ಆದರೂ ವರ್ಣತಂತುಗಳ ಲೆಕ್ಕ ತಪ್ಪಿರುವುದರಿಂದ ಅದನ್ನು ಬದಿಗಿಡುತ್ತಾರೆ. ರೂಪ ನೋಡಿ ನಂಬುವುದರ ಮಿತಿ ಮೊದಲ ದಿನವೇ ಗೊತ್ತಾಗುವುದು ಹೀಗೆ.

ಎರಡನೇ ದಿನ ನಾಲ್ಕು ಕೋಶ, ಮೂರನೇ ದಿನ ಎಂಟು ಕೋಶ ಇದ್ದರೆ ನಡಿಗೆ ಸರಿಯಾಗಿದೆ ಎಂದರ್ಥ. ಕೋಶಗಳು ಒಂದೇ ಗಾತ್ರದಲ್ಲಿವೆಯೇ, ಒಂದೊಂದರಲ್ಲೂ ಒಂದೇ ಕೋಶಕೇಂದ್ರವಿದೆಯೇ, ಒಡೆಯುವಾಗ ಚೂರುಗಳು ಎಷ್ಟು ಉದುರಿವೆ ಎಂದು ನೋಡುತ್ತಾರೆ. ಚೂರು ಶೇ. 10ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, ಶೇ. 25 ದಾಟಿದರೆ ಭ್ರೂಣ ಸೋಲುವ ಸಂಭವ ಹೆಚ್ಚು.

ಎಷ್ಟೋ ಭ್ರೂಣಗಳು ಮೂರನೇ ದಿನ ಚೆನ್ನಾಗಿದ್ದು ಐದನೇ ದಿನ ಮುಟ್ಟುವುದಿಲ್ಲ. ‘ಮೊನ್ನೆ ಎಂಟು ಅಂದಿರಿ, ಇವತ್ತು ಮೂರು ಅಂತೀರಲ್ಲ’ ಎಂದು ಕೇಳುವವರ ಸಂಕಟ ಸಹಜವಾದದ್ದೇ. ಕಾರಣ ಇಷ್ಟು: ಮೊದಲ ಎರಡು ಮೂರು ದಿನ ಭ್ರೂಣ ಬದುಕುವುದು ತಾಯಿಯ ಅಂಡಾಣುವಿನಲ್ಲಿ ಮೊದಲೇ ಕೂಡಿಟ್ಟ ದಾಸ್ತಾನಿನ ಮೇಲೆ. ನಾಲ್ಕರಿಂದ ಎಂಟು ಕೋಶದ ಹಂತದಲ್ಲಿ ಅದರದೇ ಜೀನುಗಳು ಕೆಲಸ ಶುರು ಮಾಡಬೇಕು. ವರ್ಣತಂತುಗಳ ಲೆಕ್ಕ ತಪ್ಪಿದ್ದರೆ ಅಥವಾ ವೀರ್ಯಾಣುವಿನ ಡಿಎನ್‌ಎ ಹೆಚ್ಚು ತುಂಡಾಗಿದ್ದರೆ ಬೆಳವಣಿಗೆ ನಿಲ್ಲುವುದು ಹೆಚ್ಚಾಗಿ ಇದರ ನಂತರವೇ. ಅಡಿಕೆ ಸಿಂಗಾರದ ತುಂಬ ಹೂವಿದ್ದರೂ ಕೊನೆಯಲ್ಲಿ ಕಾಯಿಯಾಗಿ ಉಳಿಯುವುದು ಅದರಲ್ಲಿ ಒಂದು ಪಾಲು ತಾನೆ? ಸಾಮಾನ್ಯವಾಗಿ ಹತ್ತು ಮೊಟ್ಟೆ ಸಿಕ್ಕರೆ ಎಂಟರಷ್ಟು ಬಲಿತಿರುತ್ತವೆ, ಐದಾರು ಫಲಿತವಾಗುತ್ತವೆ, ಎರಡು ಮೂರು ಐದನೇ ದಿನ ಮುಟ್ಟುತ್ತವೆ. ಇದರಲ್ಲಿ ಹೆಂಡತಿಯ ತಪ್ಪೂ ಇಲ್ಲ, ಗಂಡನ ತಪ್ಪೂ ಇಲ್ಲ.

ನಾಲ್ಕನೇ ದಿನ ಕೋಶಗಳು ಒಂದಕ್ಕೊಂದು ಬಿಗಿದು, ಗಡಿಗಳು ಮಾಸಿ, ಒಂದೇ ಮುದ್ದೆಯಂತೆ ಕಾಣುತ್ತವೆ. ಐದನೇ ದಿನ ಮುದ್ದೆಯೊಳಗೆ ನೀರು ತುಂಬಿಕೊಂಡು ಅದು ಬ್ಲಾಸ್ಟೊಸಿಸ್ಟ್ ಆಗುತ್ತದೆ. ತುಂಬಿದ ಚೆಂಡು, ಅದರ ಒಳಗೋಡೆಗೆ ಒಂದು ಬದಿಯಲ್ಲಿ ಅಂಟಿಕೊಂಡ ಕೋಶಗಳ ಗೊಂಚಲು, ಸುತ್ತಲೂ ಒಂದು ಪದರ ಕೋಶ. ಗೊಂಚಲಿನಿಂದ ಮಗು, ಸುತ್ತಿನ ಪದರದಿಂದ ಮಾಸು ರೂಪುಗೊಳ್ಳುತ್ತದೆ.

4ಎಬಿ ಎಂಬುದು ಇದರ ವಿವರ. 1999ರಲ್ಲಿ ಗಾರ್ಡ್ನರ್ ಮತ್ತು ಸ್ಕೂಲ್‌ಕ್ರಾಫ್ಟ್ ರೂಪಿಸಿದ ಈ ಪದ್ಧತಿಯೇ ಈಗಲೂ ವ್ಯಾಪಕವಾಗಿ ಬಳಕೆಯಲ್ಲಿದೆ. ಅಂಕಿ ಹಿಗ್ಗುವಿಕೆಯದು: 1ರಲ್ಲಿ ನೀರಿನ ಕುಹರ ಅರ್ಧಕ್ಕಿಂತ ಕಡಿಮೆ, 2ರಲ್ಲಿ ಅರ್ಧ ದಾಟಿದೆ, 3ರಲ್ಲಿ ಪೂರ್ತಿ ತುಂಬಿದೆ, 4ರಲ್ಲಿ ಚೆಂಡು ಹಿಗ್ಗಿ ಹೊರಕವಚ ತೆಳುವಾಗಿದೆ, 5ರಲ್ಲಿ ಕವಚ ಒಡೆದು ಹೊರಬರುತ್ತಿದೆ, 6ರಲ್ಲಿ ಪೂರ್ತಿ ಹೊರಬಂದಿದೆ. ಅಕ್ಷರ ಕೊಡುವುದು 3ರಿಂದ ಮೇಲಕ್ಕೆ ಮಾತ್ರ. ಮೊದಲ ಅಕ್ಷರ ಒಳಗಿನ ಗೊಂಚಲಿನದು: ಎ ಅಂದರೆ ಬಹಳ ಕೋಶಗಳು ಒತ್ತಾಗಿವೆ, ಬಿ ಅಂದರೆ ಸಡಿಲವಾಗಿವೆ, ಸಿ ಅಂದರೆ ತೀರಾ ಕಡಿಮೆ. ಎರಡನೆಯದು ಸುತ್ತಿನ ಪದರದ್ದು: ಎ ಅಂದರೆ ಸಂದಿಲ್ಲದ ನೇಯ್ಗೆ, ಬಿ ಅಂದರೆ ಅಲ್ಲಲ್ಲಿ ವಿರಳ, ಸಿ ಅಂದರೆ ಎಣಿಕೆಗೆ ಸಿಗುವಷ್ಟೇ ದೊಡ್ಡ ಕೋಶಗಳು. ಜನ ಮೊದಲ ಅಕ್ಷರವನ್ನೇ ನೋಡುತ್ತಾರೆ. ಆದರೆ ಗರ್ಭಕೋಶದ ಗೋಡೆಗೆ ಮೊದಲು ತಾಗಿ ಅಂಟುವುದು ಸುತ್ತಿನ ಪದರವೇ. ಎರಡನೆಯ ಅಕ್ಷರಕ್ಕೂ ಅಷ್ಟೇ ತೂಕ ಕೊಡಬೇಕು.

ಬೆಳಿಗ್ಗೆ 3 ಇದ್ದದ್ದು ಸಂಜೆಗೆ 4 ಆಗಬಹುದು. ಒಂದೇ ಭ್ರೂಣಕ್ಕೆ ಇಬ್ಬರು ಪರಿಣತರು ಬೇರೆ ಬೇರೆ ಅಕ್ಷರ ಕೊಡುವುದೂ ಉಂಟು. ಮುಖ್ಯವಾಗಿ, ವರ್ಣತಂತುಗಳ ಸಂಖ್ಯೆ ಕಣ್ಣಿಗೆ ಕಾಣದು. 4ಎಎ ಭ್ರೂಣದಲ್ಲೂ ಅದು ತಪ್ಪಿರಬಹುದು, 3ಬಿಬಿಯಲ್ಲಿ ಸರಿಯಾಗಿರಬಹುದು. ತಾಯಿಯ ವಯಸ್ಸು 35 ದಾಟಿದಂತೆ ಈ ತಪ್ಪು ಏರುತ್ತಾ ಹೋಗುತ್ತದೆ. ಬೇಕಿದ್ದರೆ ಸುತ್ತಿನ ಪದರದಿಂದ 5ರಿಂದ 10 ಕೋಶ ತೆಗೆದು ಪರೀಕ್ಷಿಸಬಹುದು. ಎಲ್ಲರಿಗೂ ಅದರ ಅಗತ್ಯವಿಲ್ಲ. ಲಿಂಗ ತಿಳಿಯಲು ಅದನ್ನು ಬಳಸುವುದು ನಮ್ಮ ದೇಶದಲ್ಲಿ ಅಪರಾಧ.

ಲ್ಯಾಬಿನ ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿರಬೇಕು, ಕಾರ್ಬನ್ ಡೈಆಕ್ಸೈಡ್ ಶೇ. 5ರಿಂದ 6, ಆಮ್ಲಜನಕ ಶೇ. 5ರಷ್ಟು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ, ಭ್ರೂಣ ಸಹಜವಾಗಿ ಮೊದಲ ದಿನಗಳನ್ನು ಕಳೆಯುವ ಗರ್ಭನಾಳದೊಳಗೆ ಅಷ್ಟಿಲ್ಲ. ಬಾಗಿಲು ತೆರೆದಾಗಲೆಲ್ಲ ಬಿಸಿಯೂ ಭ್ರೂಣವಿರುವ ದ್ರವದ ಆಮ್ಲೀಯತೆಯೂ ಏರುಪೇರಾಗುತ್ತವೆ. ‘ಈಗ ಹೇಗಿದೆ ನೋಡಿ ಹೇಳಿ’ ಎಂದು ಫೋನ್ ಮಾಡಿದಾಗ ಲ್ಯಾಬಿನವರು ಒಪ್ಪದಿರುವುದು ಇದಕ್ಕೇ. ಆಷಾಢದ ಗಾಳಿಮಳೆಗೆ ಪದೇ ಪದೇ ಕರೆಂಟ್ ಹೋಗುವ ನಮ್ಮ ಕಡೆ ಯುಪಿಎಸ್ ಮತ್ತು ಜನರೇಟರ್ ಎರಡೂ ಇವೆಯೇ ಎಂದು ಮೊದಲೇ ಕೇಳುವುದು ರೋಗಿಯ ಹಕ್ಕು. ಉಳಿದ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಅದಕ್ಕೆ ಕರೆಂಟ್ ಬೇಡ, ಸಾರಜನಕ ತುಂಬಿಸುತ್ತಿದ್ದರೆ ಸಾಕು.

ಭ್ರೂಣವನ್ನು ಗರ್ಭಕೋಶದೊಳಗೆ ಬಿಡುವ ವರ್ಗಾವಣೆ ಆದಮೇಲೆ ಹೊಸನಗರದ ರಸ್ತೆಯ ಹೊಂಡದಲ್ಲಿ ಕಾರು ಕುಲುಕಿದರೆ ಭ್ರೂಣ ಬಿದ್ದುಹೋಗುತ್ತದೆಯೇ? ಇಲ್ಲ. ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಭ್ರೂಣ ಅವುಗಳ ನಡುವೆ ಕೂತಿರುತ್ತದೆ. ಹಾಸಿಗೆ ಹಿಡಿದು ಮಲಗುವುದರಿಂದ ಲಾಭವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ತಪ್ಪಿಸಬಾರದ್ದು ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನಿನ ಔಷಧಿ. ಬಸಿರು ನಿಂತಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆಗೆ ಆಸ್ಪತ್ರೆ ಸಾಮಾನ್ಯವಾಗಿ ವರ್ಗಾವಣೆಯ ನಂತರ 9ರಿಂದ 14 ದಿನದೊಳಗೆ ಒಂದು ದಿನ ಗೊತ್ತುಮಾಡುತ್ತದೆ. ಅದಕ್ಕೂ ಮೊದಲು ಮೆಡಿಕಲ್‌ ಶಾಪಿನ ಕಿಟ್ ತಂದು ನೋಡಬೇಡಿ. ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು; ಮೊಟ್ಟೆ ಬಲಿಯಲೆಂದು ಕೊಟ್ಟ ಎಚ್‌ಸಿಜಿ ಇಂಜೆಕ್ಷನ್ನಿನ ಅಂಶ ಮೈಯಲ್ಲಿ ಉಳಿದಿದ್ದರೆ ಬಸಿರಿಲ್ಲದಿದ್ದರೂ ಎರಡು ಗೆರೆ ಮೂಡುತ್ತದೆ, ಬೇಗ ನೋಡಿದರೆ ಬಸಿರಿದ್ದರೂ ಒಂದೇ ಗೆರೆ ಮೂಡಬಹುದು.