ಬ್ರಹ್ಮಗಿರಿಯ ಕಲ್ಲುವೃತ್ತಗಳು: ವಯಸ್ಸಿನ ಲೆಕ್ಕ ತಪ್ಪಿದ್ದೆಲ್ಲಿ?

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹೆಸರುವಾಸಿಯಾದದ್ದು ಅಶೋಕನ ಶಾಸನದಿಂದ. ಆ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅದೇ ಬೆಟ್ಟದ ಬುಡದಲ್ಲಿರುವ ಕಲ್ಲುವೃತ್ತಗಳು, ಅಂದರೆ ಸುತ್ತ ಕಲ್ಲು ಜೋಡಿಸಿದ ಹಳೆಯ ಗೋರಿಗಳು, ಶಾಸನಕ್ಕಿಂತ ಹಳೆಯವೋ ಹೊಸವೋ ಎಂಬ ಪ್ರಶ್ನೆಯನ್ನು ಅರ್ಧ ಶತಮಾನ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆದರು. 1947ರಲ್ಲಿ ಆಗಿನ ಭಾರತ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದರು.

ವೀಲರ್ ತಂಡಕ್ಕೆ ಕಂಡದ್ದು ಎರಡು ಬಗೆಯ ವೃತ್ತ. ಒಂದರ ನಡುವೆ ಕಲ್ಲಿನ ಪೆಟ್ಟಿಗೆ: ನೆಲ ಅಗೆದು, ತಳಕ್ಕೆ ಚಪ್ಪಡಿ ಹಾಸಿ, ಸುತ್ತ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚುಗಲ್ಲು. ನಿಲ್ಲಿಸಿದ ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಚಾಚಿರುವುದರಿಂದ ಮೇಲಿನಿಂದ ನೋಡಿದರೆ ಸ್ವಸ್ತಿಕ. ಬರೀ ಅಲಂಕಾರವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ಮಣ್ಣು ಒತ್ತಿದಾಗ ಒಂದು ಚಪ್ಪಡಿ ಇನ್ನೊಂದಕ್ಕೆ ಆತುಕೊಂಡು ಒಳಕ್ಕೆ ಕುಸಿಯದೆ ನಿಲ್ಲುತ್ತದೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಬಿಡಿಬಿಡಿ ಎಲುಬು. ಇನ್ನೊಂದು ಬಗೆಯಲ್ಲಿ ಪೆಟ್ಟಿಗೆಯೇ ಇಲ್ಲ, ಬರೀ ಗುಂಡಿ. ಹೆಣವನ್ನು ಗುಂಡಿಯಲ್ಲಿ ಕರಗಲು ಬಿಟ್ಟು, ಆಮೇಲೆ ಎಲುಬು ಆಯ್ದು ಪೆಟ್ಟಿಗೆಗೆ ಸೇರಿಸುತ್ತಿದ್ದರು ಎಂಬುದು ವೀಲರ್ ಊಹೆ. ಊಹೆ ಚೆಂದ, ಪುರಾವೆ ತೆಳು.

ಗಂಟು ಬಿದ್ದದ್ದು ಕಾಲದ ಲೆಕ್ಕದಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯ ರೋಮನ್ ನಾಣ್ಯ, ಪುದುಚೇರಿ ಬಳಿಯ ಅರಿಕಮೇಡುವಿನ ರೋಮನ್ ಮಡಕೆಗಳ ಬಲದಿಂದ ಬ್ರಹ್ಮಗಿರಿಯ ಮೇಲಿನ ಸ್ತರಕ್ಕೆ ಕ್ರಿ.ಶ. 1ನೇ ಶತಮಾನ ಎಂದು ಗೂಟ ಹೊಡೆದದ್ದಾಯಿತು. ಅದರ ಕೆಳಗೆ ಮಣ್ಣಿನ ದಪ್ಪ ನೋಡಿ ವರ್ಷ ಎಣಿಸಿದರು. ಕ್ರಿ.ಪೂ. 200ರ ಆಸುಪಾಸು ಬಂತು. ಅಂದರೆ ವೃತ್ತಗಳು ಅಶೋಕನಿಗಿಂತ ಈಚಿನವು! ಆದರೆ ಮಣ್ಣು ಗಡಿಯಾರದಂತೆ ಕೂರುವುದಿಲ್ಲ. ಮನೆ ಬಿದ್ದ ವರ್ಷ ಗೇಣುದ್ದ ಏರೀತು, ಜನ ಊರು ಬಿಟ್ಟ ನೂರು ವರ್ಷ ಬೆರಳಷ್ಟೂ ಏರದೆ ಇದ್ದೀತು.

1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಇದ್ದಿಲಿನ ಕಾರ್ಬನ್ ಪರೀಕ್ಷೆ ಕಬ್ಬಿಣದ ಕಾಲವನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಅಲ್ಲಿಗೆ ಕಲ್ಲುವೃತ್ತಗಳ ಪರಂಪರೆಯೂ ಶತಮಾನಗಟ್ಟಲೆ ಹಿಂದೆ ಸರಿಯಿತು. ಆದರೆ ಅದು ವಾಸದ ನೆಲೆಯ ಕಾಲ, ಗೋರಿಯದಲ್ಲ. ಗೋರಿಯಲ್ಲಿ ಇದ್ದಿಲು ಅಪರೂಪ. ನಮ್ಮ ಬಿಸಿ ನೆಲದಲ್ಲಿ ಕಾರ್ಬನ್ ಪರೀಕ್ಷೆಗೆ ಬೇಕಾದ, ಎಲುಬಿನೊಳಗಿನ ಪ್ರೋಟೀನ್ ಉಳಿಯುವುದೂ ಕಡಿಮೆ. ಜೊತೆಗೆ ಆ ಕಿಂಡಿ: ಅದರ ಮೂಲಕ ಮತ್ತೆ ಮತ್ತೆ ಎಲುಬು ಸೇರಿಸಿದ್ದರೆ ಒಂದೇ ಗೋರಿಗೆ ಹಲವು ತಾರೀಖು.

ಚಪ್ಪಡಿಯ ಬುಡದ ಮಣ್ಣು ಕಡೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ಈಗಿದೆ. ನಿಧಿಯಾಸೆಗೆ ಯಾರೋ ಅಗೆದು ಬಿಟ್ಟ ಗೋರಿಗಳಲ್ಲಿ ಆ ಮಣ್ಣು ಆಗಲೇ ಬಿಸಿಲಿಗೆ ಬಿದ್ದಿರುತ್ತದೆ.