ಆಸ್ಪತ್ರೆಯ ರಿಜಿಸ್ಟರಿಗೆ ಸಿಗದ ಸಾವು, ಸಾವಿನ ಲೆಕ್ಕಕ್ಕೆ ಸಿಗದ ನೋವು

ಮುಸ್ಸಂಜೆಯಲ್ಲಿ ಗದ್ದೆಗೆ ನೀರು ಕಟ್ಟಲು ಹೋದ ರೈತನಿಗೆ ಹಾವು ಕಚ್ಚುತ್ತದೆ. ಮನೆಯವರು ಮೊದಲು ಪಕ್ಕದೂರಿನ ನಾಟಿ ವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಅಲ್ಲಿಂದ ಗಾಡಿ ಹೊಂದಿಸಿ ತಾಲ್ಲೂಕು ಆಸ್ಪತ್ರೆಗೆ ಹೊರಟರೆ ಅರ್ಧ ದಾರಿಯಲ್ಲೇ ಜೀವ ಹೋಗುತ್ತದೆ. ಗಾಡಿ ಊರಿಗೆ ತಿರುಗುತ್ತದೆ. ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಆತನ ಹೆಸರಿಲ್ಲ. ಹೀಗೆ ಸಾಯುವವರು ವರ್ಷಕ್ಕೆ ಎಷ್ಟು ಮಂದಿ ಎನ್ನುವುದು ಸ್ವಾತಂತ್ರ್ಯ ಬಂದು ಅರವತ್ತು ವರ್ಷ ಕಳೆದರೂ ನಮಗೆ ಸರಿಯಾಗಿ ತಿಳಿದಿರಲಿಲ್ಲ.

ಜನರ ಆರೋಗ್ಯವನ್ನು ಅಳೆಯುವ ಕೆಲಸ ಎಲ್ಲ ಕಡೆಯೂ ಶುರುವಾದದ್ದು ಸಾವನ್ನು ಎಣಿಸುವುದರಿಂದ. ನಮ್ಮಲ್ಲೂ ಹಾಗೆಯೇ. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಲು 1943ರಲ್ಲಿ ನೇಮಕಗೊಂಡ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 162 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ ಎಂದಿತು. ಸರಾಸರಿ ಆಯುಸ್ಸು ಸುಮಾರು 27 ವರ್ಷ. ಇವೂ ಪೂರ್ತಿ ನಂಬುವಂಥ ಅಂಕಿಗಳಲ್ಲ. ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದಿಡುವ ಹೊಣೆ ಚೌಕಿದಾರ, ಪಟೇಲರಂಥವರದು. ಸಾವಿನ ಕಾರಣದ ಜಾಗದಲ್ಲಿ ‘ಜ್ವರ’ ಎಂದು ಬರೆದರೆ ಕೆಲಸ ಮುಗಿಯಿತು. ಮಲೇರಿಯಾ, ಟೈಫಾಯ್ಡ್, ಬಾಣಂತಿಗೆ ತಗಲಿದ ನಂಜು, ಎಲ್ಲವೂ ಆ ಒಂದೇ ಮಾತಿನೊಳಗೆ ಸೇರಿಹೋಗುತ್ತಿದ್ದವು.

ಅದೇ 1946ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನಕ್ಕೆ ಸಹಿ ಬಿತ್ತು. ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ಪೂರ್ತಿ ಕ್ಷೇಮವಾಗಿರುವುದು ಎಂದು ಅದು ಹೇಳಿತು. ದೊಡ್ಡ ಮಾತು, ನನಗೆ ಇಂದಿಗೂ ಪ್ರಿಯವಾದ ಮಾತು. ಆದರೆ ಸತ್ತವರನ್ನೇ ಎಣಿಸಲಾಗದ ದೇಶ ಬದುಕಿರುವವರ ಕ್ಷೇಮವನ್ನು ಅಳೆಯುವುದು ಹೇಗೆ?

ಮೊದಲ ಗಟ್ಟಿ ಉತ್ತರ ಬಂದದ್ದು ಮಾದರಿ ನೋಂದಣಿ ವ್ಯವಸ್ಥೆಯ ರೂಪದಲ್ಲಿ. 1964-65ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 1969-70ರ ಹೊತ್ತಿಗೆ ದೇಶಕ್ಕೆಲ್ಲ ವಿಸ್ತರಿಸಿತು. ಅದರ ಕ್ರಮ ಸರಳ, ಆದರೆ ಜಾಣತನದ್ದು. ಆಯ್ದುಕೊಂಡ ಊರು ಅಥವಾ ಬಡಾವಣೆಯಲ್ಲಿ ಅಲ್ಲಿಯವರೇ ಒಬ್ಬರು, ಹೆಚ್ಚಾಗಿ ಶಿಕ್ಷಕರು ಇಲ್ಲವೇ ಅಂಗನವಾಡಿ ಕಾರ್ಯಕರ್ತೆ, ಹುಟ್ಟು ಸಾವುಗಳನ್ನು ಆದಂತೆಲ್ಲ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರೊಬ್ಬರು ಬಂದು, ಆ ಪುಸ್ತಕ ನೋಡದೆಯೇ, ಮನೆಮನೆಗೆ ಹೋಗಿ ತಮ್ಮದೇ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡನ್ನೂ ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರಿಗಾಗಿ ಮತ್ತೆ ಅದೇ ಮನೆಯ ಬಾಗಿಲಿಗೆ ಹೋಗಬೇಕು. ಹುಟ್ಟಿ ಮೂರೇ ದಿನಕ್ಕೆ ತೀರಿಕೊಂಡ, ಹೆಸರೂ ಇಡದ ಕೂಸು ಲೆಕ್ಕಕ್ಕೆ ಬಂದದ್ದು ಹೀಗೆ. ದೇಶದ ಶಿಶು ಮರಣ ದರ 1971ರಲ್ಲಿ ಸಾವಿರಕ್ಕೆ 129 ಇದ್ದದ್ದು 2020ಕ್ಕೆ 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ ಇಳಿಯಿತು ಎಂದು ಇಂದು ಧೈರ್ಯವಾಗಿ ಹೇಳುತ್ತೇವಲ್ಲ, ಅದರ ಹಿಂದೆ ಇರುವುದು ಈ ಎರಡು ಪಟ್ಟಿಗಳ ತಾಳೆ.

ಎಷ್ಟು ಜನ ಸತ್ತರು ಎನ್ನುವುದೇನೋ ತಿಳಿಯಿತು. ಯಾಕೆ ಸತ್ತರು? ಹಳ್ಳಿಯ ಹೆಚ್ಚಿನ ಸಾವುಗಳು ಮನೆಯಲ್ಲೇ ಆಗುತ್ತಿದ್ದವು, ವೈದ್ಯರ ಪ್ರಮಾಣಪತ್ರದ ಮಾತೇ ಇಲ್ಲ. ಹೀಗಾಗಿ 2000ದ ನಂತರ ಹೀಗೆ ಆಯ್ದುಕೊಂಡ ಊರುಗಳಲ್ಲೇ ‘ಮೌಖಿಕ ಶವಪರೀಕ್ಷೆ’ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ತರಬೇತಿ ಪಡೆದ ಸಿಬ್ಬಂದಿ ಮನೆಯವರೊಂದಿಗೆ ಕೂತು, ಕೊನೆಯ ದಿನಗಳಲ್ಲಿ ಏನಾಯಿತು ಎಂದು ಕೇಳಿ, ಅವರ ಭಾಷೆಯಲ್ಲೇ ಅರ್ಧ ಪುಟ ಬರೆದುಕೊಳ್ಳುತ್ತಾರೆ. ಅದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸುತ್ತಾರೆ.

ಹಾವಿನ ವಿಷಯ ಬಯಲಾದದ್ದು ಇಲ್ಲಿ. 2001ರಿಂದ 2003ರವರೆಗಿನ ಮಾದರಿಯಲ್ಲಿ 562 ಸಾವುಗಳಿಗೆ ಹಾವು ಕಡಿತ ಕಾರಣವಾಗಿತ್ತು. ಅದನ್ನು ದೇಶಕ್ಕೆ ಅನ್ವಯಿಸಿ 2011ರಲ್ಲಿ ಪ್ರಕಟವಾದ ಅಂದಾಜು: 2005ರ ಒಂದೇ ವರ್ಷದಲ್ಲಿ ಸುಮಾರು 46,000 ಸಾವು. ಆಸ್ಪತ್ರೆಗಳು ಕೊಟ್ಟ ಲೆಕ್ಕಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು! ಸತ್ತವರಲ್ಲಿ 97% ಹಳ್ಳಿಯವರು. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದವರು 23% ಮಾತ್ರ. ಉಳಿದವರು ಆಸ್ಪತ್ರೆಯ ರಿಜಿಸ್ಟರಿಗೆ ಸಿಗುವುದಾದರೂ ಹೇಗೆ? ಲೆಕ್ಕದಲ್ಲಿ ಇಲ್ಲದವರಿಗಾಗಿ ಯಾರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷ ಇಳಿಸುವ ಚುಚ್ಚುಮದ್ದು ತರಿಸಿಡುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನೂ ಸಾವುಗಳನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದಿತು. ತಡವಾದರೂ ಸರಿಯಾದ ಹೆಜ್ಜೆ. ಆದರೆ ದಾರಿಯಲ್ಲೇ ಜೀವ ಬಿಟ್ಟವನನ್ನು ತಿಳಿಯಲು ಇಂದಿಗೂ ಮನೆಬಾಗಿಲಿಗೇ ಹೋಗಬೇಕು.

ಇಷ್ಟೂ ಸಾವಿನ ಲೆಕ್ಕವಾಯಿತು. ಬದುಕಿದ್ದೂ ನರಳುವವರದನ್ನು ಸೇರಿಸಲು ವಿಶ್ವ ಬ್ಯಾಂಕ್ 1993ರ ವರದಿಯಲ್ಲಿ ಹೊಸ ಅಳತೆಯೊಂದನ್ನು ಮುಂದಿಟ್ಟಿತು. ಅಕಾಲ ಮರಣದಿಂದ ಹೋದ ವರ್ಷಗಳ ಜೊತೆಗೆ ಕಾಯಿಲೆ, ಊನಗಳಿಂದ ಕುಗ್ಗಿದ ವರ್ಷಗಳನ್ನೂ ಕೂಡಿಸುವ ಲೆಕ್ಕ ಅದು. ಯಾರನ್ನೂ ಕೊಲ್ಲದ ಸೊಂಟನೋವು ಮುಂದೆ ಈ ಲೆಕ್ಕದಿಂದಲೇ ಜಗತ್ತಿನ ದೊಡ್ಡ ಆರೋಗ್ಯ ಸಮಸ್ಯೆಗಳ ಸಾಲಿಗೆ ಬಂತು. ಮೊದಮೊದಲು ಈ ಲೆಕ್ಕದಲ್ಲಿ ದುಡಿಯುವ ವಯಸ್ಸಿನವರ ವರ್ಷಕ್ಕೆ ಮುದುಕರ, ಮಕ್ಕಳ ವರ್ಷಕ್ಕಿಂತ ಹೆಚ್ಚು ತೂಕವಿತ್ತು. ಅದು ಅನ್ಯಾಯವೇ ಸರಿ. ಟೀಕೆಗಳು ಬಂದವು, ಮುಂದೆ ಆ ತೂಕವನ್ನು ಕೈಬಿಟ್ಟರು.

ಮನಸ್ಸಿನ ಸರದಿ ಬಂದದ್ದು ಇನ್ನೂ ತಡವಾಗಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಯಿತು. ಅದಕ್ಕೂ ಮೊದಲು ಪ್ರಾಯೋಗಿಕವಾಗಿ ನಡೆಸಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ 10.6% ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂಥ ಸಮೀಕ್ಷೆಯಲ್ಲಿ ಕಷ್ಟವಿರುವುದು ಭಾಷೆಯಲ್ಲಿ. ನಿಮಗೆ ಖಿನ್ನತೆ ಇದೆಯೇ ಎಂದರೆ ನಮ್ಮ ಹಳ್ಳಿಯ ಹೆಂಗಸು ಇಲ್ಲ ಎಂದೇ ಹೇಳುತ್ತಾಳೆ. ಆಕೆಯ ಮಾತು ಬೇರೆ: ‘ಮೈಯಲ್ಲಿ ಶಕ್ತಿನೇ ಇಲ್ಲ’, ‘ಎದೆ ಭಾರ’, ‘ಯಾತರಲ್ಲೂ ಮನಸ್ಸಿಲ್ಲ’. ಕೇಳುವವರಿಗೆ ಈ ಮಾತುಗಳ ಪರಿಚಯವಿರಬೇಕು, ಅತ್ತೆ ಪಕ್ಕದಲ್ಲಿ ಇಲ್ಲದ ಗಳಿಗೆ ನೋಡಿ ಕೇಳುವ ತಾಳ್ಮೆಯೂ ಬೇಕು.

ಹಾವಿನ ಲೆಕ್ಕವೂ ಸಾವಿನೊಂದಿಗೆ ಮುಗಿದಿಲ್ಲ. ಜಗತ್ತಿನಲ್ಲಿ ಹಾವು ಕಡಿತದಿಂದ ಸಾಯುವವರ ಸುಮಾರು ಮೂರು ಪಟ್ಟು ಜನ ಕೈಕಾಲು ಕಳೆದುಕೊಂಡೋ ಶಾಶ್ವತ ಊನ ಹೊತ್ತೋ ಬದುಕುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಸ್ಪತ್ರೆಯ ಕಾಗದದಲ್ಲಿ ಅವರು ‘ಗುಣಮುಖ’. ಕತ್ತಲಾದ ಮೇಲೆ ಗದ್ದೆಯ ಕಡೆ ಹೋಗಲಾರದೆ, ನೀರು ಕಟ್ಟುವ ಕೆಲಸವನ್ನು ಮಗನಿಗೆ ಬಿಟ್ಟು ಜಗುಲಿಯಲ್ಲಿ ಕೂತವನನ್ನು ಯಾವ ಕಲಮಿನಲ್ಲಿ ಬರೆಯಬೇಕು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.